ಅರ್ಧಕ್ಕೆ ಬಿಡದ ಇಕ್ಕಳ

ಮೂರನೆಯ ತಂತಿಯೂ ಲಗ್ಗಿನಿಂದ ಕಳಚಿಕೊಂಡಿತು. ಅದಕ್ಕೆ ನೇತುಹಾಕಿದ್ದ ಹಿತ್ತಾಳೆಯ ತೂಕ ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿತು. ವಿನೋದಿನಿ ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ.

ಚೆಂಬೂರಿನ ಚೆನ್ನಯನ ವರ್ಕ್‌ಶಾಪಿನಲ್ಲಿ ಆಸ್ಪತ್ರೆಗಳಿಗೆ ಬೇಕಾದ ಸಣ್ಣಪುಟ್ಟ ಯಂತ್ರಗಳನ್ನು ಕಟ್ಟುತ್ತಿದ್ದರು. ೧೯೭೩ರ ಆ ಚಳಿಗಾಲದಲ್ಲಿ ಚೆನ್ನಯ ತಂತಿಗಳಿಗೆ ಬೆಸುಗೆ ಹಾಕುವುದನ್ನು ಬಿಟ್ಟು ಕ್ರಿಂಪಿಂಗ್ ಶುರುಮಾಡೋಣ ಎಂದಿದ್ದ. ತಂತಿಯ ತುದಿಗೆ ಲಗ್ ಎಂಬ ತಾಮ್ರದ ಪುಟ್ಟ ಕೊಳವೆಯನ್ನು ತೊಡಿಸಿ ಇಕ್ಕಳದಿಂದ ಒತ್ತಿಬಿಟ್ಟರೆ ಕೆಲಸ ಮುಗಿಯಿತು. ಆದರೆ ಯಾವ ಇಕ್ಕಳ? ಅದನ್ನು ಆರಿಸುವ ಕೆಲಸವನ್ನು ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮಾಡಿದ್ದ ವಿನೋದಿನಿಗೆ ಒಪ್ಪಿಸಿದ್ದ.

ಪರೀಕ್ಷೆಗೆಂದು ಎರಡು ಇಕ್ಕಳಗಳು ಬಂದಿದ್ದವು. ಒಂದು ಪೇಟೆಯಲ್ಲಿ ಸುಲಭವಾಗಿ ಸಿಗುವಂಥದು, ಹಗುರ, ಸಾದಾ ಪ್ಲಾಯರಿನ ಹಾಗೆ ಒತ್ತಿ ಬಿಡುವುದು. ಇನ್ನೊಂದು ವಿದೇಶದ್ದು, ಭಾರ. ಅದರ ಹಿಡಿಕೆಗಳ ನಡುವೆ ಹಲ್ಲಿನ ಪಟ್ಟಿ ಇತ್ತು. ಒಮ್ಮೆ ಅಮುಕಲು ತೊಡಗಿದರೆ ಕೊನೆಯ ಹಲ್ಲಿನ ತನಕ ಅಮುಕಲೇಬೇಕು, ಅಲ್ಲಿಯವರೆಗೆ ಬಾಯಿ ತೆರೆಯದು. ವಿಜಾಪುರದ ಕಡೆಯ ಫಿಟ್ಟರ್ ಹಾಶಿಮನಿಗೆ ಅದನ್ನು ಕಂಡರಾಗದು.

"ಇದು ನಮ್ಮ ಮಾವನ ಮನಿ ಮಂದಿ ಇದ್ದಂಗ ಐತ್ರಿ ಅಕ್ಕಾರ. ಒಮ್ಮೆ ಹಿಡದ್ರ ಬಿಡಂಗಿಲ್ಲ" ಎಂದು ನಗುತ್ತಿದ್ದ.

ವಿನೋದಿನಿ ಅವಸರ ಮಾಡುವವಳಲ್ಲ. ಆಗ ಕಟ್ಟುತ್ತಿದ್ದ ಇನ್‌ಕ್ಯುಬೇಟರಿನಲ್ಲಿ, ಅಂದರೆ ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ, ಹೀಟರಿನ ಕಡೆಯ ತಂತಿಗಳನ್ನು ಹಗುರ ಇಕ್ಕಳದಿಂದಲೂ ಫ್ಯಾನಿನ ಕಡೆಯವನ್ನು ಭಾರದ ಇಕ್ಕಳದಿಂದಲೂ ತಾನೇ ಒತ್ತಿದ್ದಳು. ಪೆಟ್ಟಿಗೆಯನ್ನು ವರ್ಕ್‌ಶಾಪಿನಲ್ಲೇ ತಿಂಗಳುಗಟ್ಟಲೆ ಕಾಯಿಸಿ ಆರಿಸಿ, ಆಮೇಲೆ ಬಿಚ್ಚಿ ಎಳೆದು ನೋಡುವುದು ಅವಳ ಲೆಕ್ಕ. ಹೋಲಿಸಲೆಂದು ಅದೇ ದಿನ ಒತ್ತಿದ ಕೆಲವು ತುಂಡುಗಳನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು.

ಅಷ್ಟರಲ್ಲಿ ದಹಿಸರಿನಲ್ಲಿದ್ದ ತಂಗಿ ನೀಲಾವತಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಗಂಡು ಮಗು, ಅಂಗೈ ಅಗಲದ ಬೆನ್ನು. ಅಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ಇದ್ದ ಒಂದೇ ಒಂದು ಪೆಟ್ಟಿಗೆಯಲ್ಲಿ ಬೇರೊಬ್ಬರ ಮಗುವಿತ್ತು. ನಮ್ಮದನ್ನು ಕೊಡಿ ಎಂದು ಚೆನ್ನಯನನ್ನು ಬೇಡಿಕೊಂಡವಳು ವಿನೋದಿನಿಯೇ. ಅವನು ಕೂಡಲೇ ಟೆಂಪೊ ಕರೆಸಿದ್ದ. ನಿನ್ನೆ ಸಂಜೆ ಪೆಟ್ಟಿಗೆ ಹೊಂಡ ಬಿದ್ದ ರಸ್ತೆಯಲ್ಲಿ ಕುಲುಕುತ್ತ ದಹಿಸರಿಗೆ ಹೋಗಿತ್ತು. ಮಗುವನ್ನು ಮಲಗಿಸಿದ್ದಾರೆ ಎಂದು ಬೆಳಿಗ್ಗೆ ನೀಲಾವತಿಯ ಗಂಡ ಫೋನು ಮಾಡಿ ತಿಳಿಸಿದ್ದ. ಆಮೇಲೆಯೇ ಅವಳಿಗೆ ಡಬ್ಬಿಯ ನೆನಪಾದದ್ದು.

ತೂಕ ನೇತುಹಾಕಿ ನೋಡಿದಾಗ ಭಾರದ ಇಕ್ಕಳದಿಂದ ಒತ್ತಿದ ತುಂಡುಗಳಲ್ಲಿ ತಂತಿಯೇ ಹರಿಯಿತೇ ಹೊರತು ಲಗ್ ಬಿಡಲಿಲ್ಲ. ಹಗುರ ಇಕ್ಕಳದವುಗಳಲ್ಲಿ ಕೆಲವು ಗಟ್ಟಿಯಾಗಿ ನಿಂತವು, ಕೆಲವು ಎಣ್ಣೆಯಲ್ಲಿ ನೆನೆದ ಬತ್ತಿಯ ಹಾಗೆ ಜಾರಿ ಬಂದವು. ಎಲ್ಲವೂ ಒಂದೇ ಕೈ ಒತ್ತಿದ್ದು, ಕಣ್ಣಿಗೆ ಎಲ್ಲವೂ ಒಂದೇ ಥರ. ದಹಿಸರಿನಲ್ಲಿರುವವು ಯಾವ ಜಾತಿಯವು?

ಅವಳು ಆಸ್ಪತ್ರೆಗೆ ಫೋನು ತಿರುಗಿಸಿದಳು. ಎಂಗೇಜ್. ಮತ್ತೆ ತಿರುಗಿಸಿದಳು. ಆ ಸದ್ದನ್ನು ಕೇಳುತ್ತಲೇ, ಸಿಕ್ಕಿದರೂ ತಾನು ಹೇಳುವುದಾದರೂ ಏನು ಎಂದು ಹೊಳೆದು ರಿಸೀವರನ್ನು ಕೆಳಗಿಟ್ಟಳು. ಆರಿಸಿ ಎಂದರೆ ಮಗು ಚಳಿಗೆ ಉಳಿಯಲಾರದು. ಉರಿಯಲಿ ಎಂದರೆ ಪೆಟ್ಟಿಗೆಗೆ ಆಕ್ಸಿಜನ್ ಬಿಡುತ್ತಿರುತ್ತಾರೆ, ಒಂದು ಕಿಡಿ ಸಾಕು.

ಹಾಶಿಮ ನೆಲದ ಮೇಲೆ ಬಿದ್ದ ತಂತಿಯನ್ನೂ ಅವಳ ಮುಖವನ್ನೂ ನೋಡಿದ. ಭಾರದ ಇಕ್ಕಳ, ಲಗ್ಗುಗಳು, ಸ್ಕ್ರೂಡ್ರೈವರ್, ಟಾರ್ಚು ಎಲ್ಲವನ್ನೂ ಚೀಲಕ್ಕೆ ತುಂಬಿ ಚಪ್ಪಲಿ ಮೆಟ್ಟಿದ.

ಕುರ್ಲಾದಲ್ಲಿ ಗಾಡಿ ಬದಲಿಸಿ, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೋಕಲ್ ಹಿಡಿದರು. ಅದು ಸ್ಲೋ ಗಾಡಿ. ಪ್ರತಿ ಸ್ಟೇಷನ್ನಿನಲ್ಲೂ ನಿಂತಾಗ ವಿನೋದಿನಿ ಇನ್ನುಳಿದ ಸ್ಟೇಷನ್ನುಗಳನ್ನು ಎಣಿಸುತ್ತಿದ್ದಳು. ಕಾಲೇಜಿನಲ್ಲಿ ಕಲಿತದ್ದು ಬೇಡವೆಂದರೂ ತಲೆಯೊಳಗೆ ಓಡುತ್ತಿತ್ತು. ಜೋಡಣೆ ಸಡಿಲವಾದಲ್ಲಿ ವಿದ್ಯುತ್ತಿಗೆ ರೋಧ ಹೆಚ್ಚು, ರೋಧ ಹೆಚ್ಚಿದಲ್ಲಿ ಶಾಖ. ಕಾದ ತಾಮ್ರ ಹಿಗ್ಗುತ್ತದೆ, ಆರಿದಾಗ ಕುಗ್ಗಿ ಇನ್ನಷ್ಟು ಸಡಿಲವಾಗುತ್ತದೆ. ನಿನ್ನೆ ಸಂಜೆಯಿಂದ ಅದೆಷ್ಟು ಸಲ ಕಾದು ಆರಿದೆಯೋ. ಹಾಶಿಮ ಏನೋ ಪ್ರಾರ್ಥನೆ ಗುಣುಗುಣಿಸುತ್ತಿದ್ದ. ಅವನೂ ಹೆದರಿದ್ದಾನೆಂದು ತಿಳಿದು ಅವಳ ಹೆದರಿಕೆ ಇಮ್ಮಡಿಯಾಯಿತು.

ಆಸ್ಪತ್ರೆಯ ಮೆಟ್ಟಿಲ ಬಳಿ ಅವಳು ಮೂಗಿನಿಂದ ಗಾಳಿ ಎಳೆದು ನೋಡಿದಳು. ಫಿನಾಯಿಲಿನ ವಾಸನೆ ಮಾತ್ರ. ಒಳಗೆ ನೀಲಾವತಿ ಮಂಚದ ಮೇಲೆ ಒರಗಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಗಾಜಿನೊಳಗೆ ಮಗುವಿನ ಎದೆ ಬೇಗ ಬೇಗ ಏರಿಳಿಯುತ್ತಿತ್ತು.

"ದೊಡ್ಡಮ್ಮ ಬಂದ್ಲು ನೋಡು" ಎಂದು ನೀಲಾವತಿ ಮಗುವಿಗೆ ಹೇಳಿದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಈ ಕೆಂಪು ಲೈಟು ಆಗಿಂದ ಕಣ್ಣು ಮಿಟುಕಿಸ್ತಾ ಉಂಟು. ಚಂದ ಕಾಣ್ತದೆ" ಅಂದಳು.

ಕೆಂಪು ದೀಪ ಉರಿಯುವುದು ಹೀಟರಿನ ತಂತಿಯಿಂದ. ಅದು ಮಿಟುಕುತ್ತಿದ್ದರೆ ಅಲ್ಲೆಲ್ಲೋ ಜೋಡಣೆ ಸಡಿಲ. ವಿನೋದಿನಿ ಪೆಟ್ಟಿಗೆಯ ಹಿಂಭಾಗಕ್ಕೆ ಅಂಗೈ ಇಟ್ಟು ಮೆಲ್ಲಗೆ ಸರಿಸಿದಳು. ಬೆಚ್ಚಗೆ, ಬೆಚ್ಚಗೆ, ಒಂದು ಕಡೆ ಕೈ ಇಡಲಾಗದಷ್ಟು ಬಿಸಿ.

ಡ್ಯೂಟಿಯಲ್ಲಿದ್ದ ಸಿಸ್ಟರ್ ರಾಜೀವಿ ಕಾಪು ಕಡೆಯವಳು. ಪೆಟ್ಟಿಗೆ ಆರಿಸಬೇಕು ಎಂದ ಕೂಡಲೇ ಅವಳು ಅಡ್ಡ ನಿಂತಳು. ಮಗುವನ್ನು ಹೊರಗೆ ತೆಗೆಯುವುದೆಂದರೆ ಆಟವಲ್ಲ, ಡಾಕ್ಟರು ಬರುವುದು ಸಂಜೆಗೆ, ಅಲ್ಲಿವರೆಗೆ ತಾನು ಸ್ವಿಚ್ಚು ಮುಟ್ಟುವುದಿಲ್ಲ ಎಂದಳು. ವಿನೋದಿನಿ ಅವಳ ಕೈ ಹಿಡಿದು ಆ ಬಿಸಿ ಜಾಗದ ಮೇಲೆ ಇಟ್ಟಳು. ರಾಜೀವಿ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡು, ಮೊದಲು ಆಕ್ಸಿಜನ್ನಿನ ಕೀಲಿ ತಿರುಗಿಸಿ ಮುಚ್ಚಿದಳು. ಆಮೇಲೆ ಮಗುವನ್ನು ತೆಗೆದು ತಾಯಿಯ ಎದೆಗೆ ಒತ್ತಿ ಹತ್ತಿ ಹೊದಿಸಿದಳು. ಎರಡು ಕಡೆ ಬಿಸಿನೀರಿನ ಬಾಟಲಿ ಇಟ್ಟಳು.

"ಬೇಗ ಮಾಡು ಮಾರಾಯ್ತಿ. ಇದು ಬೀಸುವ ಗಾಳಿಗೂ ತಣ್ಣಗಾಗುವ ಜೀವ" ಎಂದು ಕಿಟಕಿ ಮುಚ್ಚಿದಳು.

ವಿನೋದಿನಿ ಪ್ಲಗ್ ಕಿತ್ತಳು. ಹಾಶಿಮ ಹಿಂದಿನ ತಗಡು ಬಿಚ್ಚಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತಂತಿಗಳ ಕಟ್ಟನ್ನು ಹಿಡಿದ. ಹೀಟರಿನ ಒಂದು ಲಗ್ ಕಂದಿ ನೀಲಿಯಾಗಿತ್ತು, ಪ್ಲಾಸ್ಟಿಕ್ ಕವಚ ಕರಗಿ ಅಂಟಿತ್ತು. ಅವಳು ಬೆರಳು ತಾಗಿಸಿದ್ದೇ ತಡ, ತಂತಿ ಕಳಚಿ ಅವಳ ಕೈಗೆ ಬಂತು. ಅದು ಇಷ್ಟು ಹೊತ್ತು ಯಾವುದರ ಮೇಲೆ ನಿಂತಿತ್ತೋ. ಹಾಶಿಮ ಮಂಚದ ಕಡೆ ನೋಡಿ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದ.

ಕತ್ತರಿಸು, ಸುಲಿ, ಲಗ್ ತೊಡಿಸು, ಒತ್ತು. ಒಂದಾಯಿತು, ಮತ್ತೊಂದಾಯಿತು. ಇಕ್ಕಳ ಪ್ರತಿ ಸಲವೂ ಕಟಕಟ ಎಂದು ಕೊನೆಗೆ ಬಾಯಿ ಬಿಡುತ್ತಿತ್ತು. ಕೊನೆಯ ಲಗ್ ಒತ್ತುವಾಗ ನೀಲಾವತಿಯ ಧ್ವನಿ ಕೇಳಿತು.

"ಅಕ್ಕ, ಇವನ ಕಾಲು ತಣ್ಣಗಾಗಿದೆ."

ವಿನೋದಿನಿಯ ಕೈಯಲ್ಲಿ ಬಲವೇ ಇಲ್ಲದಂತಾಯಿತು. ಇಕ್ಕಳ ನಡುವಿನ ಹಲ್ಲಿನಲ್ಲಿ ನಿಂತಿತು. ಅಮುಕಿದರೆ ಮುಂದೆ ಹೋಗದು, ಎಳೆದರೆ ಬಿಡದು. ಲಗ್ಗನ್ನು ಅರ್ಧ ಕಚ್ಚಿ ಹಾಗೇ ಕೂತಿತು. ಎರಡೂ ಕೈ ಸೇರಿಸಿದಳು. ಬೆವರಿಗೆ ಹಿಡಿಕೆ ಜಾರಿತು.

"ಹಾಶಿಮ್ ಭಾಯ್, ನನ್ನಿಂದ ಆಗ್ತಾ ಇಲ್ಲ."

"ನಾ ಕೈ ಬಿಟ್ಟರ ಎಲ್ಲಾ ತಂತಿ ಒಳಗ ಹೋಗ್ತಾವ್ರಿ. ನೆಲಕ್ಕ ಊರ್ರಿ ಅಕ್ಕಾರ. ಮೈ ಭಾರ ಹಾಕ್ರಿ."

ಅವಳು ತಂತಿಯನ್ನು ಆದಷ್ಟು ಹೊರಗೆಳೆದು, ಒಂದು ಹಿಡಿಕೆಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೊಣಕಾಲಿಟ್ಟು ಇಡೀ ಮೈ ಬಿಟ್ಟಳು. ಎಲುಬಿಗೆ ನೋವು ಹತ್ತಿತು. ಒಂದು ಹಲ್ಲು. ಇನ್ನೊಂದು. ಕಟಕ್ ಎಂದು ಇಕ್ಕಳ ಬಾಯಿ ತೆರೆಯಿತು. ಇದರ ಬದಲು ಹಗುರದ್ದು ಕೈಯಲ್ಲಿದ್ದಿದ್ದರೆ ಅದು ಎಂದೋ ಬಿಟ್ಟುಕೊಡುತ್ತಿತ್ತು. ಮುಗಿಯಿತೆಂದು ತಾನೂ ಎದ್ದುಬಿಡುತ್ತಿದ್ದೆ ಎಂಬುದು ಅವಳಿಗೆ ಆ ನೋವಿನಲ್ಲೇ ತಿಳಿಯಿತು.

ಪ್ರತಿಯೊಂದು ತಂತಿಯನ್ನೂ ಜಗ್ಗಿ ನೋಡಿ ತಗಡು ಮುಚ್ಚಿದರು. ಪ್ಲಗ್ ಹಾಕಿದಾಗ ಕೆಂಪು ದೀಪ ಹೊತ್ತಿಕೊಂಡಿತು, ಮಿಟುಕಲಿಲ್ಲ. ಒಳಗಿನ ಥರ್ಮಾಮೀಟರಿನ ಪಾದರಸ ಒಂದೊಂದೇ ಎಳೆಯಷ್ಟು ಏರುತ್ತಿತ್ತು. ಅದು ಗೆರೆ ಮುಟ್ಟುವ ತನಕ ರಾಜೀವಿ ಮಗುವಿನ ಅಂಗಾಲನ್ನು ಹತ್ತಿಯ ಮೇಲಿಂದ ಹಿಡಿದೇ ಇದ್ದಳು. ಗಾಜಿನೊಳಗೆ ಮಲಗಿಸಿದಾಗ ಮಗು ಮುಖ ಕಿವುಚಿ ಸಣ್ಣಗೆ ಅತ್ತಿತು. ಅಳಲಿ ಬಿಡು, ಒಳ್ಳೆಯದೇ ಎಂದು ರಾಜೀವಿ ಆಕ್ಸಿಜನ್ನಿನ ಕೀಲಿ ಬಿಚ್ಚಿದಳು.

"ಇದು ಹೀಗಾಗ್ತದೆ ಅಂತ ನಿನಗೆ ಗೊತ್ತಿತ್ತಾ ಅಕ್ಕ?" ನೀಲಾವತಿ ಕೇಳಿದಳು.

"ಇವತ್ತು ಬೆಳಿಗ್ಗೆ ಗೊತ್ತಾಯ್ತು."

ನೀಲಾವತಿಯ ನೋಟ ಅಕ್ಕನ ಮೇಲಿಂದ ಪೆಟ್ಟಿಗೆಗೆ ಹೋಗಿ ಅಲ್ಲೇ ನಿಂತಿತು.

ಹಾಶಿಮ ಚೀಲ ಕಟ್ಟಿಕೊಂಡು, ಚೆನ್ನಯಣ್ಣನಿಗೆ ಏನು ಹೇಳಲಿ ಎಂದು ಮೆಲ್ಲಗೆ ಕೇಳಿದ. ಹಗುರ ಇಕ್ಕಳವನ್ನು ಇವತ್ತೇ ಅಂಗಡಿಗೆ ಹಿಂದಿರುಗಿಸಲಿ ಎಂದಳು ವಿನೋದಿನಿ. ಅವಳು ಸ್ಟೂಲು ಎಳೆದು ಪೆಟ್ಟಿಗೆಯ ಹಿಂದೆ ಕೂತು, ಆ ಮೊದಲಿನ ಜಾಗದ ಮೇಲೆ ಅಂಗೈ ಇಟ್ಟಳು. ಅಕ್ಕಪಕ್ಕದಷ್ಟೇ ಬೆಚ್ಚಗಿತ್ತು.

"ಕೈ ತೆಗಿ ಇನ್ನು" ಎಂದಳು ರಾಜೀವಿ. "ಮಗುವಿಗಿಂತ ಜಾಸ್ತಿ ನೀನೇ ನಡುಗ್ತಾ ಇದ್ದಿ."

ವಿನೋದಿನಿ ಕೈ ತೆಗೆದಳು. ರಾಜೀವಿ ಪಕ್ಕದ ಕೋಣೆಗೆ ಹೋದ ಮೇಲೆ ಮತ್ತೆ ಅಲ್ಲೇ ಇಟ್ಟಳು.