ಬರ್ಫಕ್ಕೆ ಗಡುವು ಕೊಟ್ಟವನು

ಸಾಲಿ ಅರ್ಧಕ್ಕ ಬಿಟ್ಟಾವ ಉತ್ತರ ಧ್ರುವಾ ಕರಗಸಾಕ ಹೊಂಟಿದ್ನ ನೋಡ್ರಿ, ಎಂದು ಊರಿನ ಸಾವಕಾರ ನಿಜಗುಣಪ್ಪ ಬಸಿಗೆ ಚಹಾ ಸುರಿಯುತ್ತ ಅಂದರು, ಹೋಟೆಲಿನ ಬಾಕಿನ ಮೇಲಿದ್ದವರೆಲ್ಲ ನಕ್ಕರು — ಸುರೇಬಾನದಲ್ಲಿ ನಗುವ ಮೊದಲು ಸಾವಕಾರರ ಮುಖ ನೋಡುತ್ತಾರೆ — ಏನೋ ಭೀಮಶಿ, ಅವರೇ ನನ್ನತ್ತ ತಿರುಗಿದರು, ಮಾನೌಮಿ ಹಬ್ಬ ಮುಗೀತು, ಬರ್ಫ ಇನ್ನೂ ಐತೆಲ್ಲೋ, ನಿನ್ನ ಮಾತು ಅದಕ್ಕ ಕೇಳಿಸಿಲ್ಲೇನ? ಸಾಲಿ ಬಿಟ್ಟದ್ದು ನಿಜ, ಆದರೆ ದಿನಾ ಮುಂಜಾನೆ ಇಲ್ಲಿ ಪೇಪರು ಗಟ್ಟಿಯಾಗಿ ಓದುತ್ತಿದ್ದವನು ನಾನೇ, ಊರ ಹೊರಗಿನ ನಮ್ಮ ಕೇರಿಯವ ಓದುವುದು ಇವರು ಕೇಳುವುದು, ಕೆಲವರಿಗೆ ಅದು ಚಹಾದಲ್ಲಿ ನೊಣ ಬಿದ್ದಂತೆ — ಬೇಸಿಗೆಯಲ್ಲಿ ಓದಿದ್ದೆ, ಈ ವರ್ಷ ಧ್ರುವದ ಮೇಲೆ ಬರ್ಫವೇ ಇಲ್ಲದೆ ಹೋಗಬಹುದು ಎಂದು ಒಬ್ಬ ವಿಜ್ಞಾನಿ, ಛೇ, ಅವಸರದ ಮಾತು ಎಂದು ಇನ್ನೊಬ್ಬ, ಅಲ್ಲಿಯೂ ಹೋಟೆಲಿನಂಥದೇ ಜಗಳ, ಓದುತ್ತ ಓದುತ್ತ ಮೈ ಜುಮ್ಮೆಂದಿತ್ತು, ಎಲ್ಲಾ ಸುಳ್ಳ ಬಿಡಲೇ ಎಂದಿದ್ದ ಬೈಲಹೊಂಗಲದಲ್ಲಿ ಡಿಗ್ರಿ ಓದುವ ಸಾವಕಾರರ ಮಗ ಸಚಿನ. ಆಮೇಲೆ ಕಾರಹುಣ್ಣಿಮೆ, ಊರಬಾಗಿಲ ಅಗಸಿಗೆ ಕಟ್ಟಿದ ಬೇವಿನ ತೋರಣ, ಅದೇ ಕರಿ, ಎತ್ತುಗಳು ಓಡಿಬಂದು ಹರಿಯಬೇಕು, ಮೊದಲು ಹರಿದ ಎತ್ತಿನ ಬಣ್ಣದ ಬೆಳೆ ಆ ವರ್ಷ ಹುಲುಸು ಎಂಬ ನಂಬಿಕೆ, ಸಾವಕಾರರ ಬಿಳಿ ಎತ್ತು ಹರಿಯಿತು, ಹಿಂಗಾರಿ ಭರ್ಜರಿ, ಬಿಳಿಜೋಳ ಮನಿ ತುಂಬತೈತಿ ಎಂದು ಅವರು ಕೂಗಿದರು, ಹೌದ್ರಿ ಹೌದ್ರಿ ಅಂದಿತು ಊರು, ಹೋದ ವರ್ಷವೂ ಹಾಗೇ ಕೂಗಿದ್ದರು, ಜೋಳ ಕೈಕೊಟ್ಟಿತ್ತು, ಒಬ್ಬನಾದರೂ ಕೇಳಿದನೇ — ಹಲಗಿ ಬಡಿತ, ಧೂಳು, ಎತ್ತಿನ ಜೊತೆ ನನ್ನ ಬಾಯಿಯೂ ಓಡಿತು, ಧ್ರುವದ ಬರ್ಫಾನೂ ಕರಗಿ ಹೊಕ್ಕೈತಿ ನೋಡ್ರಿ, ಮಾನೌಮಿಗಿ ಒಂದ ಚೂರ ಉಳ್ಯಂಗಿಲ್ಲ, ಉಳದರ ನಾ ಈ ಹೋಟೆಲಿನ್ಯಾಗ ಪೇಪರ್ ಮುಟ್ಟಂಗಿಲ್ಲ. ವಿಜ್ಞಾನಿ ಹೋಗಬಹುದು ಅಂದಿದ್ದ, ನಾನು ಕರಿ ಹರಿದವರ ಗತ್ತಿನಲ್ಲಿ ಹಬ್ಬವನ್ನೇ ಗೊತ್ತುಮಾಡಿಬಿಟ್ಟೆ.

ಈಗ ಪೇಪರು ಸಚಿನನ ಕೈಯಲ್ಲಿ, ಹೋದ ವರ್ಷಕ್ಕಿಂತ ಬರ್ಫ ಹೆಚ್ಚಾಗೇತ್ರಿ ಎಂದು ಓದಿ ನಿಲ್ಲಿಸುತ್ತಾನೆ, ಮುಂದಿನ ಸಾಲು ಅವನ ಹೆಬ್ಬೆರಳಿನ ಪಕ್ಕದಲ್ಲೇ ಇದೆ, ಇಲ್ಲಿಂದಲೇ ಕಾಣುತ್ತದೆ, ಹೋದ ವರ್ಷವೊಂದನ್ನು ಬಿಟ್ಟರೆ ಉಪಗ್ರಹದಿಂದ ಅಳೆಯತೊಡಗಿದ ಮೇಲೆ ಇಷ್ಟು ಕಡಿಮೆ ಎಂದೂ ಇರಲಿಲ್ಲ, ಉಳಿದದ್ದೂ ತೆಳು, ಬಹುಪಾಲು ಒಂದೇ ಚಳಿಗಾಲದಲ್ಲಿ ಕಟ್ಟಿದ್ದು — ಕಸಿದು ಓದಿಬಿಡಲೇ, ಮುಟ್ಟಂಗಿಲ್ಲ ಅಂದವನು ನಾನೇ, ಬಾಯಲ್ಲಿ ಹೇಳಿದರೆ ತೋರಸಲೇ ಅನ್ನುತ್ತಾರೆ, ತೋರಿಸಲು ಮುಟ್ಟಬೇಕು, ಮುಟ್ಟಿದರೆ ಆ ಕೇರಿಯವರ ಮಾತಂದ್ರ ಇಷ್ಟ ನೋಡ್ರಿ ಎಂದು ಇಡೀ ಕೇರಿಯನ್ನೇ ಎಳೆಯುತ್ತಾರೆ. ಹೋಟೆಲಿನ ಗಂಗಪ್ಪನ ಒಲೆಯ ಮೇಲೆ ಹಾಲಿನ ಪಾತೇಲಿ, ಅಂಚಿನಿಂದ ಅಂಚಿಗೆ ಕೆನೆ, ಮೇಲಿಂದ ನೋಡಿದರೆ ಕಾಲಿಟ್ಟು ನಡೆಯಬಹುದು ಅನ್ನುವಷ್ಟು ಗಟ್ಟಿ, ಸಾವಿರಾರು ಮೈಲಿ ಆಚೆಯ ಬರ್ಫ ನನ್ನ ಮೊಳಕೈ ಹತ್ತಿರ ಬಂದು ಕೂತಿದೆ, ಕೆನೆ, ಇಷ್ಟೇ ದಪ್ಪ — ಹೇಳೋ ಭೀಮಶಿ, ನಾಳಿಂದ ಪೇಪರ್ ಯಾರ ಓದಬೇಕು, ಸಾವಕಾರರು ಕೇಳುತ್ತಾರೆ. ಎದ್ದೆ, ನನ್ನ ಕಪ್ಪನ್ನು ನಾನೇ ತೊಳೆದು ನಮ್ಮ ಕೇರಿಯವರ ಕಪ್ಪಿಡುವ ಹೊರಗಿನ ಗೂಡಿನಲ್ಲಿಟ್ಟೆ, ಮೆಟ್ಟಿಲು ಇಳಿದೆ, ಬೆನ್ನ ಹಿಂದೆ ನಗು, ರಾಮದುರ್ಗದ ಬಸ್ಸಿನ ಹೊಗೆ, ತಿರುಗುವುದಿಲ್ಲ, ನಡೆಯುತ್ತೇನೆ, ಗಂಗಪ್ಪ ಸೌಟು ಎತ್ತಿರುತ್ತಾನೆ ಈಗ, ಅಂಚಿನಿಂದ ಅಂಚಿಗೆ ಕೆನೆ, ನಡುಗುವ ಕೆನೆ, ಕೆಳಗೆ ಕುದಿ, ಕೆನೆ —