ಅಮ್ಮ ಬರೆಸಿದ ಊಹೆ

ಮೇಜಿನ ಅಂಚಿನಿಂದ ಜೋರಾಗಿ ಉರುಳಿಸಿಬಿಟ್ಟ ಗೋಲಿ, ಮೆಲ್ಲಗೆ ಬಿಟ್ಟದ್ದಕ್ಕಿಂತ ತಡವಾಗಿ ನೆಲ ಮುಟ್ಟುತ್ತದೆ ಎಂದು ರೊಸಿತ್ಸಾ ಬರೆದಿದ್ದಳು. ಪ್ರಯೋಗಕ್ಕೆ ಮೊದಲೇ ಊಹೆ ಬರೆದು ತರಬೇಕೆಂದು ಭೌತಶಾಸ್ತ್ರದ ಟೀಚರ್ ಹೇಳಿದ್ದರು. ಅದನ್ನು ಓದಿದ ತಾಯಿ ಬಿಲ್ಯಾನಾಗೆ ಸುಮ್ಮನಿರಲಾಗಲಿಲ್ಲ.

"ಎರಡೂ ಒಟ್ಟಿಗೇ ಬೀಳುತ್ವೆ. ಜೋರಾಗಿ ಬಿಟ್ಟಿದ್ದು ದೂರ ಹೋಗುತ್ತೆ ಅಷ್ಟೇ. ಹಾಗೆ ಬರಿ ಪುಟ್ಟಿ."

ಮಗಳು ವಾದಿಸದೆ ಅಳಿಸಿ ಬರೆದಳು.

ಮರುದಿನ ಸಂಜೆ ಚೀಸ್ ತುಂಬಿದ ಬಿಸಿ ಬಾನಿತ್ಸಾ ಬಡಿಸುತ್ತಾ ಬಿಲ್ಯಾನಾ ಕೇಳಿದಳು, "ಎಷ್ಟು ಬಂತು?"

"ಆರಕ್ಕೆ ಆರು. ಇಡೀ ಕ್ಲಾಸಲ್ಲಿ ಸರಿಯಾಗಿ ಊಹಿಸಿದ್ದು ನಾನೊಬ್ಳೇ. ಯಾಕೆ ಹಾಗನ್ನಿಸ್ತು ಅಂತ ಸೋಮವಾರ ಎಲ್ಲರ ಮುಂದೆ ಹೇಳ್ಬೇಕಂತೆ."

"ನಾನು ಹೇಳ್ಕೊಡ್ತೀನಿ ಬಿಡು."

"ನಂಗೆ ಹಾಗನ್ನಿಸ್ಲೇ ಇಲ್ವಲ್ಲಮ್ಮ. ತಪ್ಪು ಬರೆದವ್ರೆಲ್ಲ ಗೋಲಿ ಬಿಟ್ಟು ಬಿಟ್ಟು ನೋಡಿ ಬೆರಗಾದ್ರು. ನಾನು ಮಾತ್ರ ಎಲ್ಲಾ ಗೊತ್ತಿದ್ದವಳ ಹಾಗೆ ನಿಂತಿದ್ದೆ."

ಮಗಳ ಅಂಕ ಹೋದೀತೆಂಬ ಭಯದಲ್ಲಿ ಅವಳ ಬೆರಗನ್ನೇ ಕಸಿದುಕೊಂಡೆನಲ್ಲ ಎಂದು ಬಿಲ್ಯಾನಾಗೆ ಚುಚ್ಚಿತು. ಅವಳು ಫೋನ್ ಕೈಗೆತ್ತಿಕೊಂಡಳು.

"ಅದು ನಾನು ಬರೆಸಿದ್ದು ಅಂತ ಟೀಚರ್‌ಗೆ ಈಗ್ಲೇ ಫೋನ್ ಮಾಡಿ ಹೇಳ್ತೀನಿ," ಎಂದಳು.

"ಅದನ್ನೂ ನೀನೇ ಹೇಳ್ಬೇಡಮ್ಮ," ಎಂದಳು ರೊಸಿತ್ಸಾ. "ಆರು ಹೋದ್ರೆ ಹೋಗ್ಲಿ, ನಾನೇ ಹೇಳ್ತೀನಿ."

ಬಿಲ್ಯಾನಾ ಫೋನನ್ನು ಕೆಳಗಿಟ್ಟಳು.