ಭೂಮಿತಾಯಿಯನ್ನು ಕೇಳಿ ಅಗೆದದ್ದು

ಕೊಚಬಾಂಬ ಪಟ್ಟಣದ ದಕ್ಷಿಣದ ಗುಡ್ಡದ ಮೇಲೆ ನೀರು ಪುಕ್ಕಟೆ ಬಂದದ್ದಲ್ಲ. ಕೇರಿಯ ಜನ ಭಾನುವಾರ ಭಾನುವಾರ ಕಲ್ಲು ಒಡೆದು, ತಾವೇ ಪೈಪು ಹೂತು, ತಾವೇ ಸಂಘ ಕಟ್ಟಿಕೊಂಡು ತಂದ ನೀರು. ಪೈಪು ಒಡೆದವನು ಸರಿಮಾಡಿ ಕೊಡಬೇಕು. ಇಲ್ಲವಾದರೆ ಅವನ ಮನೆ ನಲ್ಲಿ ಬಂದ್. ಅದು ಕೇರಿಯ ಕಟ್ಟಳೆ.

ಆ ಕೇರಿಯವನೇ ನಿಕಾನೋರ. ಅಲ್ಲೇ ಒಳಚರಂಡಿಗೆ ಗುಂಡಿ ತೋಡುವ ಕೂಲಿಗೆ ಹೋದ. ಕಂಟ್ರಾಕ್ಟರ್ ಸಾವೆದ್ರನನ್ನು ಎಲ್ಲರೂ ಇಂಜಿನಿಯರ್ ಅನ್ನುತ್ತಿದ್ದರು. ಆತ ಬೇಡವೆಂದವನಲ್ಲ.

ಅಗೆಯುವ ಮೊದಲು ಭೂಮಿತಾಯಿಯನ್ನು ಕೇಳಬೇಕು. ನಿಕಾನೋರ ಟೋಪಿ ತೆಗೆದು, ಕೋಕಾ ಎಲೆ ಇಟ್ಟು, ಜೋಳದ ಹೆಂಡವನ್ನು ಮಣ್ಣಿಗೆ ಸುರಿದ. "ತಾಯೀ, ಮೈ ಕೆದಕ್ತೀವಿ, ಸಿಟ್ಟಾಗಬ್ಯಾಡ." ತಾಯಿಗೆ ಒಂದು ಗುಟುಕು, ತನಗೆ ನಾಲ್ಕು.

"ಇಂಜಿನಿಯರ್ರೇ, ಪೈಪು ಎಲ್ಲೈತೆ ಅಂತ ಸಂಘದ ಬಸೀಲಿಯಕ್ಕನ್ನ ಒಂದು ಮಾತು ಕೇಳ್ಲಾ?"

"ಅವಳನ್ನ ಕೇಳಿದ್ರೆ ಸಭೆ ಕರೀತಾಳೆ, ಕೆಲಸ ನಿಲ್ಲುತ್ತೆ. ಭೂಮಿತಾಯೀನೇ ಒಪ್ಪಿದಾಳೆ, ಬಸೀಲಿಯ ಯಾವ ಲೆಕ್ಕ? ಹೊಡಿ!"

ಆ ಪೈಪು ಹೂತವರಲ್ಲಿ ನಿಕಾನೋರನೂ ಒಬ್ಬ. ಎಲ್ಲಿ ಹೂತದ್ದೆಂದು ನೆನಪಿಲ್ಲ. ಅವತ್ತೂ ತಾಯಿಗೆ ಒಂದು ಗುಟುಕು, ತನಗೆ ನಾಲ್ಕು.

ಪಿಕಾಸಿ ಎತ್ತಿ ಹೊಡೆದ. ನೀರು ಆಳೆತ್ತರಕ್ಕೆ ಚಿಮ್ಮಿತು. "ತಾಯಿ ಒಲಿದ್ಳು!" ಅಂದವನೇ ಮಂಡಿಯೂರಿದ, ಎರಡು ಬೊಗಸೆ ಕುಡಿದ, ತಲೆಗೂ ಹಾಕಿಕೊಂಡ. ಮೂರನೇ ಬೊಗಸೆಯಲ್ಲಿ ಪೈಪಿನ ಚೂರು ಸಿಕ್ಕಿತು.

"ಥೂ, ನನ್ನ ಬುದ್ಧಿಗಿಷ್ಟು! ನಮ್ಮನೆ ನೀರಿಗೇ ಕೈ ಮುಗೀತಿದೀನಲ್ಲಪ್ಪಾ."

ಸಾವೆದ್ರ ಓಡಿಬಂದ. "ಸಂಜೆ ಸಂಘದ ಸಭೇಲಿ, ತಪ್ಪೆಲ್ಲಾ ನಿಂದೇ ಅಂತ ಒಪ್ಕೋ. ಇಲ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಸಂಜೆ ಗುಂಡಿಯ ಸುತ್ತ ಕೇರಿಯೇ ಸೇರಿತು. ನಲ್ಲಿಗಳು ಒಣಗಿದ್ದವು, ಹೆಂಗಸರ ಕೈಯಲ್ಲಿ ಖಾಲಿ ಡ್ರಮ್ಮು.

"ಯಾರಪ್ಪಾ ಒಡೆದೋರು?" ಅಂದಳು ಬಸೀಲಿಯ.

ಸಾವೆದ್ರ ಗದ್ದ ಎತ್ತಿ ನಿಕಾನೋರನನ್ನು ತೋರಿಸಿದ. ನಿಕಾನೋರ ಮುಂದೆ ಬಂದ. ಮನೆಯ ನಲ್ಲಿ ಕಣ್ಣ ಮುಂದೆ ಬಂತು, ನಾಳಿನ ಕೂಲಿಯೂ ಬಂತು.

"ನಾನೇ ಅಕ್ಕಾ. ಹೂತ ಕತ್ತೆಯೂ ನಾನೇ, ಒಡೆದ ಕತ್ತೆಯೂ ನಾನೇ. ನಿನ್ನ ಕೇಳ್ತೀನಿ ಅಂದೆ, ಬ್ಯಾಡ ಹೊಡಿ ಅಂದ್ರು ಇವರು. ಕತ್ತೆ ಅಲ್ವಾ, ಹೊಡೆದೆ."

ಜನ ನಕ್ಕರು. ಬಸೀಲಿಯ ನಗಲಿಲ್ಲ. "ಹೌದಾ ಇಂಜಿನಿಯರ್ರೇ?"

"ಏಯ್, ಏನೋ ಬೊಗಳ್ತೀಯ? ನಾಳೆಯಿಂದ ಈ ಕಡೆ ಕಾಲಿಡಬೇಡ!" ಸಾವೆದ್ರ ಬಸೀಲಿಯಳ ಕಡೆ ತಿರುಗಿದ. "ನಿಮ್ಮ ಪೈಪಿಗೊಂದು ನಕ್ಷೆ ಇದೆಯೇನ್ರಿ?"

"ಕೇಳೋದಕ್ಕೆ ನಕ್ಷೆ ಯಾಕೆ? ಬಾಯಿ ಸಾಲ್ದಾ? ಹೊಡೆದ ಕೈಗೆ ಕೂಲಿ ಎಷ್ಟು, ಹೊಡಿ ಅಂದ ಬಾಯಿಗೆ ಲಾಭ ಎಷ್ಟು? ಲಾಭ ಯಾರದೋ ಪೈಪೂ ಅವರದೇ. ಹಾಕಿಸಿ ಹೋಗಿ."

ಸಾವೆದ್ರ ಹೋಗಿ ಜೀಪು ಹತ್ತಿದ. ಜೀಪು ಕದಲಲಿಲ್ಲ. ಹೆಂಗಸರು ಡ್ರಮ್ಮು ಬೋರಲು ಹಾಕಿಕೊಂಡು ಹಿಂದೆ ಮುಂದೆ ಕೂತುಬಿಟ್ಟಿದ್ದರು.

"ನಿಕಾನೋರ! ಇವರನ್ನ ಎಬ್ಬಿಸೋ, ಬಾ ಇಲ್ಲಿ!"

ನಿಕಾನೋರ ಬಂದ. ಜೀಪಿನ ಮೂತಿಗೇ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ನಾಳೆಯಿಂದ ಕೆಲಸ ಇಲ್ಲ ಅಂದ್ರಲ್ಲ ಇಂಜಿನಿಯರ್ರೇ, ಬೇಕಾದಷ್ಟು ಪುರುಸೊತ್ತೈತೆ."